ಬಯಕೆಯ ಬಯಕೆ

ಟೆಸ್ಟೊಸ್ಟೆರೋನ್ ಗಂಡಿನ ದೇಹದಲ್ಲಿ ಮುಖ್ಯವಾಗಿ ವೃಷಣಗಳಲ್ಲಿ ತಯಾರಾಗುವ ಹಾರ್ಮೋನು. ತಯಾರಿಸು ಎಂಬ ಅಪ್ಪಣೆ ಬರುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ. ಪಿಟ್ಯುಟರಿಗೆ ಅಪ್ಪಣೆ ಕೊಡುವುದು ಅದರ ಮೇಲಿರುವ ಹೈಪೊಥಲಾಮಸ್. ಹರೆಯದಲ್ಲಿ ದನಿ ಒಡೆಯುವುದು, ಗಡ್ಡ ಮೀಸೆ ಮೂಡುವುದು, ಮೈಕಟ್ಟು ಬಲಿಯುವುದು ಈ ಹಾರ್ಮೋನಿನಿಂದ. ಆಮೇಲೂ ಎಲುಬಿನ ಗಟ್ಟಿತನ, ಕೆಂಪು ರಕ್ತಕಣಗಳ ಪ್ರಮಾಣ, ಕಾಮದಲ್ಲಿ ಆಸಕ್ತಿ ಇವೆಲ್ಲ ಅದನ್ನು ನೆಚ್ಚಿಕೊಂಡಿರುತ್ತವೆ. ಒಂದು ಎಕ್ಸ್ ಕ್ರೋಮೋಸೋಮ್ ಹೆಚ್ಚಾಗಿ ಹುಟ್ಟುವ ಕ್ಲೈನ್‌ಫೆಲ್ಟರ್ ಸ್ಥಿತಿ, ಪಿಟ್ಯುಟರಿಯಲ್ಲಿ ಬೆಳೆದ ಗೆಡ್ಡೆ, ಪ್ರಾಯಕ್ಕೆ ಬಂದ ಮೇಲೆ ತಗುಲಿದ ಮಂಗನಬಾವು, ಕ್ಯಾನ್ಸರಿಗೆ ಕೊಟ್ಟ ಔಷಧ ಅಥವಾ ವಿಕಿರಣ, ಬಹುಕಾಲ ನುಂಗಿದ ಅಫೀಮು ವರ್ಗದ ನೋವಿನ ಮದ್ದು, ಇವುಗಳಲ್ಲಿ ಯಾವುದರಿಂದಲಾದರೂ ಹಾರ್ಮೋನು ಕುಸಿಯಬಹುದು. ಕುಸಿದದ್ದನ್ನು ಇಂಜೆಕ್ಷನ್ ಮೂಲಕವೋ ಚರ್ಮಕ್ಕೆ ಹಚ್ಚುವ ಜೆಲ್ ಮೂಲಕವೋ ಹೊರಗಿನಿಂದ ತುಂಬಿಕೊಡುವುದೇ ಟೆಸ್ಟೊಸ್ಟೆರೋನ್ ಮರುಪೂರಣ ಚಿಕಿತ್ಸೆ.

ಈ ಚಿಕಿತ್ಸೆಯ ಹಿಂದೆ ಮೊದಲಿನಿಂದಲೂ ಎರಡು ಬೇರೆ ಬೇರೆ ಹಂಬಲಗಳಿವೆ. 1889ರ ಜೂನ್‌ನಲ್ಲಿ ಶರೀರಶಾಸ್ತ್ರಜ್ಞ ಬ್ರೌನ್-ಸೆಕಾರ್ ಪ್ಯಾರಿಸಿನ ವಿದ್ವತ್ಸಭೆಯೊಂದರ ಮುಂದೆ ನಿಂತು, ನಾಯಿ ಮತ್ತು ಗಿನಿಯಿಲಿಗಳ ವೃಷಣದ ರಸವನ್ನು ಚುಚ್ಚಿಕೊಂಡು ತನಗೆ ಹಳೆಯ ಕಸುವು ಮರಳಿ ಬಂದಿದೆ ಎಂದು ವರದಿ ಮಾಡಿದ. ಆಗ ಅವನಿಗೆ 72 ವರ್ಷ. ನೀರಿನಲ್ಲಿ ತೆಗೆದ ಆ ರಸದಲ್ಲಿ ಹಾರ್ಮೋನು ಇದ್ದದ್ದು ಲೆಕ್ಕಕ್ಕೆ ಬಾರದಷ್ಟು. ಮರಳಿ ಬಂದದ್ದು ನಂಬಿಕೆಯ ಕಸುವೇ ಇರಬೇಕು. ಅವನು ಕೇಳಿದ್ದು ರೋಗಕ್ಕೆ ಮದ್ದಲ್ಲ, ಮುಪ್ಪಿಗೆ ಮದ್ದು. ನಿಜವಾದ ಟೆಸ್ಟೊಸ್ಟೆರೋನ್ ಕೈಗೆ ಸಿಕ್ಕಿದ್ದು 1935ರಲ್ಲಿ. ಆಮ್‌ಸ್ಟರ್‌ಡಾಮಿನಲ್ಲಿ ಲಾಕರ್ ಅವರ ತಂಡ ಹೋರಿಯ ವೃಷಣದಿಂದ ಅದನ್ನು ಬೇರ್ಪಡಿಸಿತು. ಅದೇ ವರ್ಷ ಬುಟೆನಾಂಟ್ ಮತ್ತು ರುಜಿಚ್ಕಾ ಕೊಲೆಸ್ಟರಾಲ್‌ನಿಂದ ಅದನ್ನು ತಯಾರಿಸಿದರು. ಅಲ್ಲಿಂದ ಮುಂದೆ ಮದ್ದು ಒಂದೇ ಆಯಿತು. ಕೇಳುವವರು ಮಾತ್ರ ಇಬ್ಬಗೆಯವರಾಗಿಯೇ ಉಳಿದರು: ರೋಗ ಕಸಿದುಕೊಂಡದ್ದನ್ನು ಕೇಳುವವರು, ವಯಸ್ಸು ಕಸಿದುಕೊಂಡದ್ದನ್ನು ಕೇಳುವವರು.

ಮೊದಲನೆಯವರ ವಿಷಯದಲ್ಲಿ ಯಾವ ಧರ್ಮಕ್ಕೂ ತಕರಾರಿಲ್ಲ. ಇಪ್ಪತ್ತರ ಹರೆಯದಲ್ಲಿ ಗಡ್ಡ ಮೂಡದ, ಎಲುಬು ಸವೆಯುತ್ತಿರುವ ಯುವಕನಿಗೆ ಹಾರ್ಮೋನು ಕೊಡುವುದು ಸಕ್ಕರೆ ಕಾಯಿಲೆಯವನಿಗೆ ಇನ್ಸುಲಿನ್ ಕೊಡುವಷ್ಟೇ ಸಹಜ. ತತ್ತ್ವದ ತೊಡಕು ಇರುವುದು ಎರಡನೆಯವರ ಬಳಿ, ಮತ್ತು ಈ ಇಬ್ಬರ ನಡುವಿನ ಗಡಿಯ ಬಳಿ. ಆ ಗಡಿಯನ್ನು ರಕ್ತಪರೀಕ್ಷೆಯ ಅಂಕಿ ಎಳೆಯುತ್ತದೆ ಎಂಬ ಭಾವನೆ ಸಾಮಾನ್ಯ. ಅಮೆರಿಕದ ಯೂರಾಲಜಿ ಸಂಘದ 2018ರ ಮಾರ್ಗಸೂಚಿ, ಎರಡು ಬೆಳಗಿನ ಪರೀಕ್ಷೆಗಳಲ್ಲಿ ಡೆಸಿಲೀಟರಿಗೆ 300 ನ್ಯಾನೊಗ್ರಾಂಗಿಂತ ಕಡಿಮೆ ಇದ್ದು, ಜೊತೆಗೆ ಲಕ್ಷಣಗಳೂ ಇದ್ದರೆ ಮಾತ್ರ ಕೊರತೆ ಎನ್ನುತ್ತದೆ. ಅಂಕಿಯೊಂದೇ ಸಾಲದು ಎಂದು ವೈದ್ಯರೇ ಒಪ್ಪಿಕೊಂಡಂತಾಯಿತು. ಬೊಜ್ಜು, ನಿದ್ದೆಗೇಡು, ಒಂದು ವಾರದ ಜ್ವರ ಕೂಡ ಈ ಅಂಕಿಯನ್ನು ಇಳಿಸಬಲ್ಲವು. ತೂಕ ಇಳಿಸಿದರೆ ಎಷ್ಟೋ ಸಲ ಅದು ತಾನಾಗಿ ಏರುತ್ತದೆ.

ಅಂಕಿಯನ್ನು ಯಾರ ಅಂಕಿಯೊಂದಿಗೆ ಹೋಲಿಸಬೇಕೆಂಬುದು ಇನ್ನೂ ದೊಡ್ಡ ಪ್ರಶ್ನೆ. ನಡುವಯಸ್ಸು ದಾಟಿದ ಮೇಲೆ ಟೆಸ್ಟೊಸ್ಟೆರೋನ್ ವರ್ಷಕ್ಕೆ ಸುಮಾರು ಶೇ. 1ರಂತೆ ಇಳಿಯುತ್ತ ಹೋಗುತ್ತದೆ. 70ರ ಮುದುಕನನ್ನು 25ರ ಯುವಕನ ಪಕ್ಕ ನಿಲ್ಲಿಸಿದರೆ ಮುದುಕ ರೋಗಿ. ಅವನ ಓರಗೆಯವರ ಪಕ್ಕ ನಿಲ್ಲಿಸಿದರೆ ಆರೋಗ್ಯವಂತ. ಅಮೆರಿಕದ ತತ್ತ್ವಶಾಸ್ತ್ರಜ್ಞ ಕ್ರಿಸ್ಟೊಫರ್ ಬೋರ್ಸ್ 1977ರಲ್ಲಿ ಮಂಡಿಸಿದ ವಾದದಂತೆ, ಆರೋಗ್ಯ ಎಂದರೆ ಅದೇ ಲಿಂಗದ, ಅದೇ ವಯೋಮಾನದ ಜೀವಿಗಳಲ್ಲಿ ಸಾಮಾನ್ಯವಾಗಿ ಕಾಣುವ ದೇಹಕಾರ್ಯ. ಹೀಗೆಂದರೆ ಮುಪ್ಪು ಎಂದೂ ರೋಗವಾಗದು. ಫ್ರಾನ್ಸಿನ ಜಾರ್ಜ್ ಕಾಂಗಿಲೆಮ್ 1943ರಲ್ಲೇ ಬೇರೆ ದಾರಿ ಹಿಡಿದಿದ್ದ: ಸರಾಸರಿ ಯಾವುದು ಎಂಬುದರಿಂದ ರೋಗ ನಿರ್ಧಾರವಾಗದು, ಬದುಕು ತನಗೆ ಇಕ್ಕಟ್ಟಾಗಿದೆ ಎಂದು ಆ ಜೀವಿಗೆ ಅನಿಸುವುದರಿಂದ ಆಗುತ್ತದೆ. ಮದ್ದಿನ ನಿಯಂತ್ರಣ ಸಂಸ್ಥೆಗಳು ಒಲಿದಿರುವುದು ಬೋರ್ಸ್ ಕಡೆಗೆ. ಅಮೆರಿಕದ ಎಫ್‌ಡಿಎ 2015ರಲ್ಲಿ, ಬರೀ ವಯಸ್ಸಿನಿಂದ ಇಳಿದ ಟೆಸ್ಟೊಸ್ಟೆರೋನ್‌ಗೆ ಈ ಮದ್ದು ಸುರಕ್ಷಿತ, ಪರಿಣಾಮಕಾರಿ ಎಂದು ಸಿದ್ಧವಾಗಿಲ್ಲವೆಂದು ಲೇಬಲ್ಲಿನಲ್ಲಿ ಬರೆಯಿಸಿತು. ರೋಗಿಗಳು ಮಾತ್ರ, ಹೆಸರು ಕೇಳದಿದ್ದರೂ, ಕಾಂಗಿಲೆಮ್ ಕಡೆಯವರು.

ಆಯುರ್ವೇದ ಈ ಗೊಂದಲವನ್ನು ಬಹಳ ಹಿಂದೆಯೇ ಕಂಡಿತ್ತು. ಸುಶ್ರುತ ರೋಗಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುವಾಗ 'ಸ್ವಾಭಾವಿಕ' ಎಂಬ ಒಂದು ವರ್ಗ ಮಾಡಿ ಅದರೊಳಗೆ ಹಸಿವು, ಬಾಯಾರಿಕೆ, ಮುಪ್ಪು, ಸಾವು, ನಿದ್ದೆಗಳನ್ನು ಸೇರಿಸುತ್ತಾನೆ. ಮುಪ್ಪು ರೋಗವೇನೋ ಹೌದು, ಆದರೆ ಹಸಿವಿನ ಪಂಕ್ತಿಯಲ್ಲಿ ಕೂತಿರುವ ರೋಗ. ಚರಕ ಸ್ವಭಾವದಿಂದ ಬಂದದ್ದಕ್ಕೆ ಪ್ರತೀಕಾರವಿಲ್ಲ ಎಂದು ಒಂದು ಕಡೆ ಹೇಳಿ, ತನ್ನ ಚಿಕಿತ್ಸಾಸ್ಥಾನವನ್ನು ಮುಪ್ಪನ್ನು ದೂರವಿಡುವ ರಸಾಯನ ಮತ್ತು ಕಾಮಶಕ್ತಿ ಹೆಚ್ಚಿಸುವ ವಾಜೀಕರಣದಿಂದಲೇ ಆರಂಭಿಸುತ್ತಾನೆ. ಇದು ಮರೆವಿನಿಂದಾದ ವಿರೋಧಾಭಾಸವಲ್ಲ. ಗುಣಪಡಿಸಲಾಗದ್ದನ್ನು ಮುಂದೂಡಬಹುದು ಎಂಬ ವೈದ್ಯನ ವಿವೇಕವೆಂದು ಓದುವುದೇ ಸರಿ.

ಕಾಮಶಕ್ತಿ ಮರಳಿ ಬೇಕೆನ್ನುವವರಿಗೆ ನಮ್ಮಲ್ಲಿ ತಟ್ಟನೆ ತೋರಿಸುವ ಉದಾಹರಣೆ ಯಯಾತಿ. ಶುಕ್ರಾಚಾರ್ಯರ ಶಾಪದಿಂದ ಅಕಾಲ ಮುಪ್ಪು ಬಂದು, ಮಗ ಪೂರುವಿನ ಯೌವನವನ್ನು ಬೇಡಿ ಪಡೆದು, ಸಾವಿರ ವರ್ಷ ಭೋಗಿಸಿ, ಕಾಮ ಭೋಗದಿಂದ ತಣಿಯುವುದಿಲ್ಲವೆಂದು ಅರಿತು ಯೌವನವನ್ನು ಹಿಂದಿರುಗಿಸಿದ ದೊರೆಯ ಕಥೆ ಮಹಾಭಾರತದ ಆದಿಪರ್ವದಲ್ಲಿದೆ. ಇದನ್ನು ಟೆಸ್ಟೊಸ್ಟೆರೋನ್ ಚಿಕಿತ್ಸೆಯ ಮೇಲಿನ ತೀರ್ಪೆಂದು ಹೇಳುವುದು ಸುಲಭ. ಆದರೆ ಕಥೆ ಈ ರೋಗಕ್ಕೆ ಹೊಂದುವುದಿಲ್ಲ. ಯಯಾತಿಯ ಕಷ್ಟ ಬಯಕೆ ಕುಂದಿದ್ದಲ್ಲ, ಬಯಕೆ ಉಳಿದು ಮೈ ಕುಂದಿದ್ದು. ಇಂದಿನ ವೈದ್ಯದಲ್ಲಿ ಆ ತೊಂದರೆಗೆ ಬೇರೆಯೇ ಮದ್ದಿದೆ. 1998ರಲ್ಲಿ ಬಂದ ಸಿಲ್ಡೆನಾಫಿಲ್ ರಕ್ತನಾಳಗಳ ಮೇಲೆ ಕೆಲಸ ಮಾಡುತ್ತದೆ, ಮನಸ್ಸಿನಲ್ಲಿ ಬಯಕೆ ಹುಟ್ಟಿಸುವುದಿಲ್ಲ. ಟೆಸ್ಟೊಸ್ಟೆರೋನ್ ಕೊರತೆಯ ಗುರುತು ಇದಕ್ಕೆ ತಿರುಗುಮುರುಗು: ಮೊದಲು ಬತ್ತುವುದು ಬಯಕೆಯೇ. ಚಿಕಿತ್ಸೆ ಹೆಚ್ಚು ಸ್ಪಷ್ಟವಾಗಿ ಮರಳಿಸುವುದೂ ಅದನ್ನೇ.

ಹಾಗಾದರೆ ಈ ರೋಗಿಗೆ ಹೊಂದುವ ಹಳೆಯ ಮನುಷ್ಯ ಯಯಾತಿಯಲ್ಲ, ಗ್ರೀಸಿನ ನಾಟಕಕಾರ ಸೊಫೊಕ್ಲಿಸ್. ಪ್ಲೇಟೋನ 'ರಿಪಬ್ಲಿಕ್' ಸಂವಾದದ ಮೊದಲ ಭಾಗದಲ್ಲಿ ಸೆಫಾಲಸ್ ಎಂಬ ವೃದ್ಧ ಒಂದು ಪ್ರಸಂಗ ಹೇಳುತ್ತಾನೆ. ಹೆಣ್ಣಿನ ಸಂಗ ಇನ್ನೂ ಸಾಧ್ಯವೇ ಎಂದು ಯಾರೋ ಮುದಿ ಸೊಫೊಕ್ಲಿಸನನ್ನು ಕೇಳಿದಾಗ, ಹುಚ್ಚು ಒಡೆಯನೊಬ್ಬನ ಜೀತದಿಂದ ತಪ್ಪಿಸಿಕೊಂಡಷ್ಟು ಸಂತೋಷವಾಗಿದೆ ಎಂಬರ್ಥದ ಉತ್ತರ ಕೊಟ್ಟನಂತೆ. ಬಯಕೆ ಹೋದದ್ದು ಇಲ್ಲಿ ನಷ್ಟವಲ್ಲ, ಬಿಡುಗಡೆ. ಟೆಸ್ಟೊಸ್ಟೆರೋನ್ ಬೇಕೆಂದು ವೈದ್ಯರ ಬಳಿ ಹೋಗುವವನು ಸೊಫೊಕ್ಲಿಸ್ ಬಿಟ್ಟು ಬಂದ ಒಡೆಯನನ್ನು ಹುಡುಕಿಕೊಂಡು ಹೋದಂತೆ ಕಾಣುತ್ತಾನೆ. ಅದನ್ನು ಮೂರ್ಖತನವೆನ್ನಬೇಕೇ?

ಸೆಫಾಲಸ್ ಅಲ್ಲಿಗೇ ನಿಲ್ಲಿಸಿದ್ದರೆ ಹಾಗೆನ್ನಬಹುದಿತ್ತು. ಅವನು ಮುಂದುವರಿದು, ಮುದುಕರ ಗೋಳಾಟಕ್ಕೆ ವಯಸ್ಸು ಕಾರಣವಲ್ಲ, ಅವರವರ ಸ್ವಭಾವ ಕಾರಣ ಎನ್ನುತ್ತಾನೆ. ಹದವಾದ ಸ್ವಭಾವದವನಿಗೆ ಮುಪ್ಪು ಭಾರವಲ್ಲ, ಹದಗೆಟ್ಟವನಿಗೆ ಯೌವನವೂ ಭಾರವೇ. ಸೊಫೊಕ್ಲಿಸನ ಮಾತನ್ನು ಉದ್ಧರಿಸುವವರಲ್ಲಿ ಹೆಚ್ಚಿನವರು ಈ ಎರಡನೆಯ ಮಾತನ್ನು ಬಿಟ್ಟುಬಿಡುತ್ತಾರೆ. ಬಯಕೆ ಅಳಿದರೆ ಶಾಂತಿ ತಾನಾಗಿ ಬರುತ್ತದೆಂದು ಸೆಫಾಲಸ್ ಹೇಳಲಿಲ್ಲ. ಇದಕ್ಕೆ ಇಪ್ಪತ್ತನೆಯ ಶತಮಾನದ ವೈದ್ಯದಲ್ಲಿ ಕಠೋರವಾದ ಸಾಕ್ಷ್ಯವೂ ಸಿಕ್ಕಿತು. 1941ರಲ್ಲಿ ಚಾರ್ಲ್ಸ್ ಹಗಿನ್ಸ್, ಟೆಸ್ಟೊಸ್ಟೆರೋನ್ ಇಳಿಸಿದರೆ ಪ್ರಾಸ್ಟೇಟ್ ಕ್ಯಾನ್ಸರ್ ಕುಗ್ಗುತ್ತದೆಂದು ತೋರಿಸಿದ. ಆ ಕೆಲಸಕ್ಕೆ 1966ರಲ್ಲಿ ನೊಬೆಲ್ ಬಂತು. ಅಂದಿನಿಂದ ಅಸಂಖ್ಯ ಗಂಡಸರು ಕ್ಯಾನ್ಸರಿಗಾಗಿ ಈ ಹಾರ್ಮೋನನ್ನು ಬೇಕೆಂದೇ ತೊರೆದು ಬದುಕುತ್ತಿದ್ದಾರೆ. ಬಯಕೆ ಇಂಗುತ್ತದೆ, ಅದರ ಜೊತೆಗೆ ಸುಸ್ತು, ಮೈಬಿಸಿ, ಎಲುಬಿನ ಸವೆತ, ಕೆಲವರಲ್ಲಿ ಖಿನ್ನತೆಯೂ ಬರುತ್ತದೆ. ಸೊಫೊಕ್ಲಿಸನಿಗೆ ಸಿಕ್ಕಿದ ಬಿಡುಗಡೆ ಇವರಲ್ಲಿ ಎಲ್ಲರಿಗೂ ಸಿಕ್ಕಿಲ್ಲ.

ಬಯಕೆಯ ಕೊರತೆ ವಿರಕ್ತಿಯಲ್ಲ ಎಂಬುದನ್ನು ವೈರಾಗ್ಯವನ್ನೇ ಕಸುಬಾಗಿಸಿಕೊಂಡ ಪರಂಪರೆಗಳೇ ಎಲ್ಲರಿಗಿಂತ ಖಚಿತವಾಗಿ ಹೇಳಿವೆ ಎಂಬುದು ಸೋಜಿಗದ ಸಂಗತಿ. ಕ್ರಿ.ಶ. 325ರ ನೈಸಿಯಾ ಧರ್ಮಸಭೆಯ ಮೊಟ್ಟಮೊದಲ ನಿಯಮವೇ ಈ ಕುರಿತದ್ದು. ರೋಗಕ್ಕಾಗಿ ವೈದ್ಯರಿಂದಲೋ ಶತ್ರುಗಳ ಕೈಯಿಂದಲೋ ವೃಷಣ ಕಳೆದುಕೊಂಡವನು ಪಾದ್ರಿಯಾಗಿ ಮುಂದುವರಿಯಬಹುದು. ಆರೋಗ್ಯವಾಗಿದ್ದೂ ತಾನೇ ಕತ್ತರಿಸಿಕೊಂಡವನಿಗೆ ಅವಕಾಶವಿಲ್ಲ. ಬ್ರಹ್ಮಚರ್ಯವನ್ನು ಅಷ್ಟು ಮೆಚ್ಚಿದ ಚರ್ಚು ಬ್ರಹ್ಮಚರ್ಯದ ಈ ಅಡ್ಡದಾರಿಯನ್ನು ಮುಚ್ಚಿತು. ಬೌದ್ಧರ ವಿನಯಪಿಟಕದಲ್ಲಿ ಕಾಮದ ಕಾಟ ತಾಳದೆ ಅಂಗವನ್ನು ಕತ್ತರಿಸಿಕೊಂಡ ಭಿಕ್ಷುವಿನ ಪ್ರಸಂಗವಿದೆ. ಕತ್ತರಿಸಬೇಕಾದ್ದು ಬೇರೆಯಿತ್ತು, ಈ ಮೂಢ ಕತ್ತರಿಸಿಕೊಂಡದ್ದು ಬೇರೆ ಎಂಬುದು ಅಲ್ಲಿ ಬುದ್ಧನ ನಿಲುವು. ಆ ಕೃತ್ಯವನ್ನು ಗಂಭೀರ ತಪ್ಪುಗಳ ಸಾಲಿಗೆ ಸೇರಿಸಲಾಯಿತು. ಭಗವದ್ಗೀತೆಯ ಎರಡನೆಯ ಅಧ್ಯಾಯ ಇದನ್ನೇ ಸೂಕ್ಷ್ಮವಾಗಿ ಬಿಡಿಸುತ್ತದೆ: ಇಂದ್ರಿಯಗಳಿಗೆ ಆಹಾರ ನಿಲ್ಲಿಸಿದವನಿಂದ ವಿಷಯಗಳು ದೂರ ಸರಿದರೂ ರುಚಿ ಸರಿಯುವುದಿಲ್ಲ, ರುಚಿ ಹೋಗುವುದು ಅದಕ್ಕಿಂತ ಹಿರಿದಾದುದನ್ನು ಕಂಡಾಗ.

ಗೀತೆಗೆ ಇಲ್ಲೊಂದು ಆಕ್ಷೇಪ ಎತ್ತಬಹುದು. ಹಾರ್ಮೋನು ಕುಸಿದವನಲ್ಲಿ ವಿಷಯವಷ್ಟೇ ಅಲ್ಲ, ರುಚಿಯೂ ಹೋಗಿರುತ್ತದಲ್ಲ? ಈ ಆಕ್ಷೇಪಕ್ಕೆ ಉತ್ತರ ಸಿಗುವುದು ಜೈನ ಕರ್ಮಸಿದ್ಧಾಂತದಲ್ಲಿ. ಜೈನ ಶಾಸ್ತ್ರಕಾರರು ದೇಹದ ಲಿಂಗ ಮತ್ತು ಕಾಮಭಾವ ಎರಡನ್ನೂ ಬೇರೆ ಬೇರೆ ಕರ್ಮಗಳ ಲೆಕ್ಕಕ್ಕೆ ಬರೆದರು. ಗಡ್ಡ ಮೀಸೆ, ಅಂಗಾಂಗಗಳನ್ನು ರೂಪಿಸುವುದು ನಾಮಕರ್ಮ, ಅದು ದ್ರವ್ಯವೇದ. ಕಾಮದ ಸೆಳೆತವನ್ನು ಹುಟ್ಟಿಸುವುದು ಮೋಹನೀಯ ಕರ್ಮದ ಒಂದು ಕವಲು, ಅದು ಭಾವವೇದ. ಸಾಧಕ ಗುಣಸ್ಥಾನಗಳೆಂಬ ಆತ್ಮೋನ್ನತಿಯ ಮೆಟ್ಟಿಲುಗಳಲ್ಲಿ ಒಂಬತ್ತನೆಯದಕ್ಕೆ ಏರಿದಾಗ ಭಾವವೇದ ಅಳಿಯುತ್ತದೆ, ದೇಹ ಗಂಡಿನದ್ದಾಗಿಯೇ ಉಳಿಯುತ್ತದೆ. ಆಧುನಿಕ ವೈದ್ಯ ಈ ವಿಂಗಡಣೆಯನ್ನು ಇದ್ದಂತೆ ಒಪ್ಪುವುದಿಲ್ಲ. ಅದರ ದೃಷ್ಟಿಯಲ್ಲಿ ಗಡ್ಡ ಮೂಡಿಸುವ ಹಾರ್ಮೋನೇ ಸೆಳೆತವನ್ನೂ ಮೂಡಿಸುತ್ತದೆ. ಆದರೂ ಒಂದು ಮುಖ್ಯ ವ್ಯತ್ಯಾಸವನ್ನು ಜೈನರು ಹಿಡಿದಿದ್ದಾರೆ: ಒಂದು ಸಾಮಗ್ರಿ ಇಲ್ಲದೆ ಉರಿ ಏಳದಿರುವುದಕ್ಕೂ ಮೋಹದ ಬೇರೇ ಸುಟ್ಟುಹೋಗಿರುವುದಕ್ಕೂ ಅಂತರವಿದೆ. ಸೊರಗಿದ ದೇಹ ಮುಕ್ತಿಗೆ ಸಹಾಯಕವೆಂದೂ ಅವರು ಭಾವಿಸಲಿಲ್ಲ; ಕೈವಲ್ಯಕ್ಕೆ ವಜ್ರದಂಥ ಎಲುಬುಕಟ್ಟು ಬೇಕೆಂಬುದು ಅವರ ಶಾಸ್ತ್ರ. ಶ್ರವಣಬೆಳಗೊಳದಲ್ಲಿ ಕ್ರಿ.ಶ. 981ರ ಸುಮಾರಿಗೆ ಚಾವುಂಡರಾಯ ನಿಲ್ಲಿಸಿದ ಗೊಮ್ಮಟನನ್ನು ನೋಡಿದರೆ ಸಾಕು. ಅಗಲವಾದ ಹೆಗಲು, ತುಂಬಿದ ತೊಡೆ, ಯಾವುದನ್ನೂ ಮರೆಮಾಡದ ಗಂಡುಮೈ. ಆ ಶಿಲ್ಪಿ ಕಡೆದ ವಿರಕ್ತಿಯಲ್ಲಿ ಕೊರತೆಯ ಲಕ್ಷಣ ಒಂದೂ ಇಲ್ಲ.

ಹೀಗಾಗಿ ಹಾರ್ಮೋನು ತುಂಬಿಸಿಕೊಂಡರೆ ಆಧ್ಯಾತ್ಮಿಕ ಲಾಭವೊಂದನ್ನು ಕೈಬಿಟ್ಟಂತೆ ಎಂಬ ವಾದಕ್ಕೆ ಆಧಾರ ಉಳಿಯುವುದಿಲ್ಲ. ರಕ್ತದ ಕೊರತೆಯಿಂದ ಬಂದ ಸುಸ್ತನ್ನು ಯಾರೂ ಸಮಾಧಿ ಎನ್ನುವುದಿಲ್ಲವಷ್ಟೆ.

ಆದರೆ ಚಿಕಿತ್ಸೆಯಿಂದ ಮರಳಿದ ಬಯಕೆ ಯಾರದ್ದು ಎಂಬ ಪ್ರಶ್ನೆ ಬೇರೆ. ತತ್ತ್ವಶಾಸ್ತ್ರಜ್ಞ ಹ್ಯಾರಿ ಫ್ರಾಂಕ್‌ಫರ್ಟ್ 1971ರ ಪ್ರಬಂಧವೊಂದರಲ್ಲಿ ಮನುಷ್ಯನನ್ನು ಮಿಕ್ಕ ಪ್ರಾಣಿಗಳಿಂದ ಬೇರ್ಪಡಿಸುವುದು ಬಯಕೆಗಳ ಮೇಲಿನ ಬಯಕೆ ಎಂದು ವಾದಿಸಿದ. ಸಿಗರೇಟು ಬೇಕೆನಿಸುವುದು ಮೊದಲ ಹಂತ, ಆ ಬೇಕು ತನಗೆ ಬೇಡವೆನಿಸುವುದು ಎರಡನೆಯ ಹಂತ. ತತ್ತ್ವಶಾಸ್ತ್ರದಲ್ಲಿ ಹೆಚ್ಚಾಗಿ ಚರ್ಚೆಯಾಗುವುದು ಇಂಥ ಬೇಡಗಳೇ. ಟೆಸ್ಟೊಸ್ಟೆರೋನ್ ಕೊರತೆಯ ರೋಗಿ ಅಪರೂಪದ ಇನ್ನೊಂದು ಬಗೆ: ಅವನಿಗೆ ಕಾಮದ ಬಯಕೆ ಇಲ್ಲ, ಆ ಬಯಕೆ ಇರಲಿ ಎಂಬ ಬಯಕೆ ಇದೆ. ಎರಡನೆಯದು ಹಾರ್ಮೋನಿನಿಂದ ಬಂದದ್ದಲ್ಲ, ಹಾರ್ಮೋನು ತಳಮುಟ್ಟಿದಾಗಲೂ ಅದು ಉಳಿದಿದೆ. ಫ್ರಾಂಕ್‌ಫರ್ಟನ ಲೆಕ್ಕದಲ್ಲಿ ಅವನ 'ತಾನು' ಇರುವುದು ಅಲ್ಲಿಯೇ. ಆದ್ದರಿಂದ ಇಂಜೆಕ್ಷನ್ ಎಬ್ಬಿಸಿದ ಬಯಕೆ ಪರಕೀಯ ಎನ್ನಲಾಗದು. ಅವನೇ ಅದನ್ನು ಮನೆಗೆ ಕರೆದಿದ್ದಾನೆ. ಕರೆದದ್ದು ಅವನೋ, ಗಂಡಸಾದವನು ಹೀಗಿರಬೇಕೆಂದು ಒತ್ತಾಯಿಸುವ ಊರೋ, 'ಸುಸ್ತೇ? ಪರೀಕ್ಷೆ ಮಾಡಿಸಿ' ಎಂಬ ಜಾಹೀರಾತೋ ಎಂಬುದನ್ನು ಮಾತ್ರ ವಿಚಾರಿಸಬೇಕಾಗುತ್ತದೆ. ಎಷ್ಟೋ ಜನಕ್ಕೆ ಬಯಕೆ ಕುಂದಿದ್ದಕ್ಕಿಂತ ಗಂಡಸುತನ ಕುಂದಿತೆಂಬ ನಾಚಿಕೆಯೇ ದೊಡ್ಡ ನೋವು. ಗಡ್ಡ ಮೀಸೆ ಕಂಡು ಗಂಡೆಂದು ಹೆಸರಿಡುವ ಲೋಕದ ಎದುರು, ಒಳಗಿರುವ ಆತ್ಮ ಗಂಡೂ ಅಲ್ಲ ಹೆಣ್ಣೂ ಅಲ್ಲ ಎಂದು ಜೇಡರ ದಾಸಿಮಯ್ಯ ವಚನದಲ್ಲಿ ಹೇಳಿದ್ದು ಈ ನಾಚಿಕೆಗೆ ನೇರವಾದ ಮದ್ದು. ಅದು ಹಾರ್ಮೋನಿಗೆ ಬದಲಿಯಲ್ಲ. ಹಾರ್ಮೋನು ಯಾವ ಗಾಯವನ್ನು ಮುಟ್ಟಲಾರದು ಎಂಬುದನ್ನು ತೋರಿಸುತ್ತದೆ ಅಷ್ಟೆ.

ಬಯಕೆ ಒಬ್ಬನ ಸ್ವತ್ತೂ ಅಲ್ಲ. ಗಿರೀಶ ಕಾರ್ನಾಡರು 1961ರಲ್ಲಿ ಪ್ರಕಟವಾದ 'ಯಯಾತಿ' ನಾಟಕದಲ್ಲಿ ಮೂಲಕಥೆಯಲ್ಲಿಲ್ಲದ, ಪೂರುವಿನ ಹೆಂಡತಿ ಚಿತ್ರಲೇಖೆಯನ್ನು ತಂದರು. ಮಾವ ಮತ್ತು ಗಂಡ ವಯಸ್ಸನ್ನು ಅದಲುಬದಲು ಮಾಡಿಕೊಂಡಾಗ ಅವಳನ್ನು ಯಾರೂ ಕೇಳಿರುವುದಿಲ್ಲ. ಅವಳು ಪ್ರಾಣ ಬಿಡುತ್ತಾಳೆ. ಚಿಕಿತ್ಸೆಯ ಕೋಣೆಯಲ್ಲೂ ಹೆಂಡತಿಗೆ ಕುರ್ಚಿ ಇರುವುದು ಅಪರೂಪ. ಅರವತ್ತರ ನಂತರ ಇಬ್ಬರೂ ಸದ್ದಿಲ್ಲದೆ ತಲುಪಿದ ಒಪ್ಪಂದವೊಂದನ್ನು ಒಬ್ಬನ ರಕ್ತಪರೀಕ್ಷೆ ಮುರಿಯಬಹುದು. ದಾಂಪತ್ಯವೇ ತಣ್ಣಗಾಗಿರುವುದಕ್ಕೆ ಹಾರ್ಮೋನನ್ನು ಹೊಣೆ ಮಾಡುವುದೂ ಉಂಟು.

ಮಕ್ಕಳ ಪ್ರಶ್ನೆಯಂತೂ ಇನ್ನೂ ತೀಕ್ಷ್ಣ, ಅದನ್ನು ಅರಿಯದೆ ಇಂಜೆಕ್ಷನ್ ಹಿಡಿದ ಯುವಕರು ಬಹಳ. ಹೊರಗಿನಿಂದ ಟೆಸ್ಟೊಸ್ಟೆರೋನ್ ಬಂದರೆ ಪಿಟ್ಯುಟರಿ ತನ್ನ ಅಪ್ಪಣೆಯನ್ನು ನಿಲ್ಲಿಸುತ್ತದೆ, ವೃಷಣ ಕೆಲಸ ಬಿಡುತ್ತದೆ, ವೀರ್ಯಾಣು ಬಹಳ ಇಳಿಯುತ್ತದೆ, ಎಷ್ಟೋ ಜನರಲ್ಲಿ ಇಲ್ಲವೇ ಆಗುತ್ತದೆ. ಗಂಡಸರ ಗರ್ಭನಿರೋಧಕವಾಗಿ ವಿಶ್ವ ಆರೋಗ್ಯ ಸಂಸ್ಥೆ ಪರೀಕ್ಷಿಸಿದ್ದು ಇದೇ ಹಾರ್ಮೋನನ್ನು. ಚರಕ ವಾಜೀಕರಣವನ್ನು ಸಮರ್ಥಿಸಿದ್ದೇ ಸಂತಾನದ ಹೆಸರಿನಲ್ಲಿ. ಆಧುನಿಕ ವಾಜೀಕರಣ ಬಯಕೆಯನ್ನು ಕೊಟ್ಟು ಸಂತಾನವನ್ನು ತಡೆಯುತ್ತದೆ, ಗೃಹಸ್ಥಧರ್ಮದ ದೃಷ್ಟಿಯಿಂದ ಇದು ತಲೆಕೆಳಗಾದ ವ್ಯಾಪಾರ. ಯಯಾತಿ ಯೌವನವನ್ನು ಹುಟ್ಟಿದ ಮಗನಿಂದ ಪಡೆದ. ಇಲ್ಲಿ ಬೆಲೆ ತೆರುವವನು ಇನ್ನೂ ಹುಟ್ಟದ ಮಗ. ಅದೇ ಮಹಾಭಾರತದಲ್ಲಿ ಅಶ್ವಿನೀ ದೇವತೆಗಳಿಂದ ಯೌವನ ಪಡೆದ ಮುದಿ ಋಷಿ ಚ್ಯವನನಿಗೆ ಯಾವ ನಿಂದೆಯೂ ಇಲ್ಲ. ಅವನ ಯೌವನ ಇನ್ನೊಬ್ಬರ ಆಯುಸ್ಸಿನಿಂದ ಕಡ ತಂದದ್ದಲ್ಲ, ಅದಕ್ಕೆ ಹೆಂಡತಿ ಸುಕನ್ಯೆಯೂ ಒಪ್ಪಿದ್ದಳು.

ಇಷ್ಟೆಲ್ಲ ತೂಗಿದ ಮೇಲೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ನಿಜವಾಗಿ ಏನಿದೆ ಎಂಬುದನ್ನೂ ನೋಡಬೇಕು. 65 ದಾಟಿದ, ಟೆಸ್ಟೊಸ್ಟೆರೋನ್ ಕಡಿಮೆಯಿದ್ದ 790 ಗಂಡಸರ ಮೇಲೆ ಅಮೆರಿಕದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕಾಮದ ಆಸಕ್ತಿ ಸಾಧಾರಣ ಮಟ್ಟಿಗೆ ಹೆಚ್ಚಿತು. ಚೈತನ್ಯ, ಅಂದರೆ ಬ್ರೌನ್-ಸೆಕಾರ್ ಹುಡುಕಿದ್ದು, ಗಮನಾರ್ಹವಾಗಿ ಹೆಚ್ಚಲಿಲ್ಲ. ಹೃದ್ರೋಗವಿದ್ದ ಅಥವಾ ಅದರ ಅಪಾಯವಿದ್ದ 5,200ಕ್ಕೂ ಹೆಚ್ಚು ಜನರ 2023ರ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಲಿಲ್ಲ. ಹೃದಯ ಲಯ ತಪ್ಪುವ ತೊಂದರೆ, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು, ಮೂತ್ರಪಿಂಡದ ದಿಢೀರ್ ತೊಂದರೆ ತುಸು ಹೆಚ್ಚಾದವು. ಎಲುಬಿನ ಸಾಂದ್ರತೆಯನ್ನು ಹೆಚ್ಚಿಸುವ ಮದ್ದೇ ಆದರೂ ಮೂಳೆಮುರಿತ ಕೂಡ ಅವರಲ್ಲಿ ಹೆಚ್ಚಿತು. 40ರಿಂದ 79 ವಯಸ್ಸಿನವರನ್ನು ಅಭ್ಯಸಿಸಿದ ಯುರೋಪಿನ 2010ರ ವರದಿಯಂತೆ, ಲಕ್ಷಣ ಮತ್ತು ಅಂಕಿ ಎರಡೂ ಕೂಡಿಬಂದ ವಯೋಸಂಬಂಧಿ ಕೊರತೆ ಕಂಡದ್ದು ಶೇ. 2ರಷ್ಟು ಜನರಲ್ಲಿ ಮಾತ್ರ.

ಬೆಲೆಯಲ್ಲಿ ಅವಲಂಬನೆಯನ್ನೂ ಸೇರಿಸಬೇಕು. ಪಿಟ್ಯುಟರಿಗೋ ವೃಷಣಕ್ಕೋ ರೋಗ ಬಂದವನಿಗೆ ಚಿಕಿತ್ಸೆ ಸಾಮಾನ್ಯವಾಗಿ ಬಾಳಿನುದ್ದಕ್ಕೂ ಬೇಕು, ಅಲ್ಲಿ ಆಯ್ಕೆಯ ಮಾತಿಲ್ಲ. ವಯಸ್ಸಿನ ಕಾರಣಕ್ಕೆ ಆರಂಭಿಸಿದವನು ನಿಲ್ಲಿಸಿದಾಗ, ಮಲಗಿದ್ದ ಗ್ರಂಥಿ ಏಳಲು ತಿಂಗಳುಗಟ್ಟಲೆ ಹಿಡಿಯಬಹುದು. ಆ ತಿಂಗಳುಗಳಲ್ಲಿ ಅವನ ಮಟ್ಟ ಆರಂಭಿಸಿದಾಗ ಇದ್ದದ್ದಕ್ಕಿಂತ ಕೆಳಗಿರಬಹುದು. ಆದ್ದರಿಂದಲೇ ಮಾರ್ಗಸೂಚಿಗಳು ಚಿಕಿತ್ಸೆಯ ಮೊದಲ ತಿಂಗಳುಗಳಲ್ಲೇ ಪರಿಣಾಮವನ್ನು ಪರಿಶೀಲಿಸಿ, ರಕ್ತದ ಅಂಕಿ ಏರಿಯೂ ರೋಗಿ ಹೇಳಿಕೊಂಡ ತೊಂದರೆ ತಗ್ಗದಿದ್ದರೆ ಮದ್ದನ್ನು ನಿಲ್ಲಿಸುವಂತೆ ಸಲಹೆ ಮಾಡುತ್ತವೆ.